ರೋಬೋ ಬರಲಿ, ಆದರೆ ನರ್ಸ್ ಬದಲಿಗೆ ಬೇಡ

ಸಂಪಾದಕರೇ,

ಆಪರೇಷನ್ ಆದ ಮಕ್ಕಳನ್ನು ಸಮಾಧಾನ ಮಾಡಲು ರೋಬೋ ಬರುತ್ತಂತೆ ಎಂಬ ಸುದ್ದಿ ಈಗ ಜಾಸ್ತಿ ಕಾಣುತ್ತಿದೆ. ಕೆಲವರಿಗೆ ಇದು ಪವಾಡ. ಇನ್ನು ಕೆಲವರಿಗೆ, ಅಯ್ಯೋ, ಮಗುವನ್ನು ಮಿಷನ್ ಕೈಗೆ ಒಪ್ಪಿಸಿಬಿಟ್ಟರಲ್ಲ ಅನ್ನುವ ಸಂಕಟ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿರುವ ನನಗೆ ಎರಡೂ ಒಪ್ಪಿಗೆ ಇಲ್ಲ. ಅಂದ ಹಾಗೆ, ಆಪರೇಷನ್ ಮಾಡುವ ರೋಬೋ ಬೇರೆ, ಅದರ ವಿಷಯ ಇದಲ್ಲ. ನಾನು ಹೇಳುತ್ತಿರುವುದು ಹಾಸಿಗೆ ಪಕ್ಕ ಕೂತು ಮಾತಾಡುವ ರೋಬೋ ಬಗ್ಗೆ.

ಆಪರೇಷನ್ ಮುಗಿದರೆ ಕಷ್ಟ ಮುಗಿಯಿತು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ವಾರ್ಡಿನಲ್ಲಿ ಅದು ಆಗ ಶುರು. ಹೊಟ್ಟೆಗೋ ಎದೆಗೋ ಹೊಲಿಗೆ ಬಿದ್ದ ಮಗು ನೋವಿಗೆ ಹೆದರಿ ಚಿಕ್ಕ ಚಿಕ್ಕ ಉಸಿರು ಎಳೆಯುತ್ತದೆ, ಕೆಮ್ಮು ಬಂದರೂ ಹಲ್ಲು ಕಚ್ಚಿ ತಡೆಯುತ್ತದೆ, ಹಾಗೇ ಬಿಟ್ಟರೆ ಶ್ವಾಸಕೋಶದ ಕೆಳಭಾಗ ಸರಿಯಾಗಿ ಅರಳುವುದಿಲ್ಲ, ಕಫ ಕಟ್ಟುತ್ತದೆ, ಕೊನೆಗೆ ನ್ಯುಮೋನಿಯಾದ ಭಯ. ಅದಕ್ಕೇ ಸ್ಪೈರೋಮೀಟರ್ ಅನ್ನುವ, ಉಸಿರು ಎಳೆದರೆ ಚೆಂಡು ಮೇಲೇಳುವ ಸಾಧನ ಕೊಟ್ಟು ನಿಧಾನವಾಗಿ, ಆಳವಾಗಿ ಎಳೆ ಅನ್ನುತ್ತೇವೆ. ಸೋಪಿನ ಗುಳ್ಳೆ ಊದಿಸುತ್ತೇವೆ. ಬೇಗ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತೇವೆ. ನೋವು ಎಷ್ಟಿದೆ ಅಂತ ಮುಖದ ಚಿತ್ರಗಳಲ್ಲಿ ತೋರಿಸು ಅನ್ನುತ್ತೇವೆ. ಎಷ್ಟೋ ಮಕ್ಕಳು ನಗುವ ಮುಖಕ್ಕೇ ಬೆರಳಿಡುತ್ತಾರೆ, ನೋವು ಅಂದರೆ ಸಿಸ್ಟರ್ ಮತ್ತೆ ಸೂಜಿ ಹಾಕುತ್ತಾರೆ ಅನ್ನುವ ಭಯಕ್ಕೆ!

ರೋಬೋ ಕೆಲಸಕ್ಕೆ ಬರಬಹುದಾದ ಜಾಗ ಇದೇ. ಅದು ಸೂಜಿ ಹಾಕುವುದಿಲ್ಲ, ಬ್ಯಾಂಡೇಜ್ ಕೀಳುವುದಿಲ್ಲ, ಹಾಗಾಗಿ ಮಗುವಿಗೆ ಅದರ ಮೇಲೆ ಅನುಮಾನ ಇರುವುದಿಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ಫ್ಲೂ ಲಸಿಕೆಗೆ ಬಂದ 57 ಮಕ್ಕಳ ಮೇಲೆ ಇದನ್ನು ನೋಡಿದ್ದಾರೆ, 2013ರಲ್ಲಿ ವರದಿ ಬಂತು. ನಾವೋ (NAO) ಎಂಬ ಪುಟ್ಟ ರೋಬೋ, 58 ಸೆಂಟಿಮೀಟರ್ ಎತ್ತರ ಅಷ್ಟೇ, ಪಕ್ಕದಲ್ಲಿ ನಿಂತು ಆಟದಂತೆ ಊದಿಸಿದಾಗ ಮಕ್ಕಳ ನೋವು, ಗಾಬರಿ ಕಡಿಮೆ ಇತ್ತು. ಅದು ಲಸಿಕೆ, ಆಪರೇಷನ್ ಅಲ್ಲ, ನಿಜ. ಆದರೆ ಊದಿಸುವ ಕೆಲಸ ನಮ್ಮಲ್ಲೂ ಅದೇ ಅಲ್ವಾ?

ಈಗ ಆಡಳಿತದವರು ಗಮನಿಸಬೇಕಾದ ವಿಷಯ. ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದವರು ಹಗ್ಗಬಲ್ ಎಂಬ ಕರಡಿ ರೋಬೋ ಮಾಡಿ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಪ್ರಯೋಗ ಮಾಡಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 3ರಿಂದ 10 ವರ್ಷದ 54 ಮಕ್ಕಳಿದ್ದರು. ಕೆಲವರಿಗೆ ಮಾಮೂಲಿ ಕರಡಿ ಗೊಂಬೆ, ಕೆಲವರಿಗೆ ಟ್ಯಾಬ್ಲೆಟ್ ಪರದೆಯ ಮೇಲಿನ ಕರಡಿ, ಕೆಲವರಿಗೆ ರೋಬೋ. ರೋಬೋ ಸಿಕ್ಕ ಮಕ್ಕಳು ಹೆಚ್ಚು ಖುಷಿಯಾಗಿದ್ದರು. ಸುದ್ದಿಯಲ್ಲಿ ಇಷ್ಟು ಬರುತ್ತದೆ. ಬರದೇ ಇರುವುದು ಏನೆಂದರೆ, ಆ ಕರಡಿ ತಾನಾಗಿ ಮಾತಾಡುತ್ತಿರಲಿಲ್ಲ. ಹಿಂದೆ ಒಬ್ಬ ಮನುಷ್ಯ, ಆಸ್ಪತ್ರೆಯ ಮಕ್ಕಳ ಜೊತೆ ಹೇಗೆ ಮಾತಾಡಬೇಕೆಂದು ಕಲಿತವರು, ದೂರದಿಂದ ಅದನ್ನು ನಡೆಸುತ್ತಿದ್ದರು. ಹೀಗಿರುವಾಗ, ಎರಡು ರೋಬೋ ತಂದರೆ ಇಬ್ಬರು ನರ್ಸ್ ಉಳಿತಾಯ ಅಂತ ಯಾರಾದರೂ ಲೆಕ್ಕ ಹಾಕಿದರೆ ಅದು ಬರೀ ಕಣ್ಣಿಗೆ ಮಣ್ಣೆರಚುವ ಲೆಕ್ಕ.

ಇನ್ನೊಂದು ಭಯವೂ ಇದೆ, ಇದನ್ನು ಯಾರೂ ಕೇಳುತ್ತಿಲ್ಲ. ಮಾಕ್ಸಿ ಅಂತ ಮಕ್ಕಳ ಜೊತೆ ಹರಟುವ ರೋಬೋ ಇತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ಮಾಡಿದ ಕಂಪನಿ ಬಾಗಿಲು ಹಾಕುತ್ತೇವೆ ಎಂದಿತು. ಮಾತಿನ ಬುದ್ಧಿಯೆಲ್ಲ ಕಂಪನಿಯ ಸರ್ವರಿನಲ್ಲಿ, ಅದು ನಿಂತರೆ ರೋಬೋ ಮೂಕ. ಗೆಳೆಯ ಯಾಕೆ ಮಾತಾಡುವುದಿಲ್ಲ ಅಂತ ಮನೆಯಲ್ಲಿ ಮಗುವಿಗೆ ಅಪ್ಪ ಅಮ್ಮ ಹೇಗೋ ಹೇಳಬಹುದು. ಹೊಲಿಗೆ ಹಾಕಿಸಿಕೊಂಡು ಮಲಗಿರುವ ಮಗುವಿಗೆ ಹೇಳುವವರು ಯಾರು? ಮೊದಲು ಹೇಳಿದ ನಾವೋ ರೋಬೋ ಮಾಡುತ್ತಿದ್ದ ಫ್ರಾನ್ಸಿನ ಕಂಪನಿ ಕೂಡ 2025ರಲ್ಲಿ ದಿವಾಳಿ ಆಯಿತು.

ಸ್ವಚ್ಛತೆ ಬೇರೆ. ಕೂದಲಿರುವ ಗೊಂಬೆ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋದರೆ ಸೋಂಕೂ ಜೊತೆಗೇ ಹೋಗುತ್ತದೆ. ಪ್ರತಿ ಸಲ ಒರೆಸಬೇಕು, ಹೊದಿಕೆ ಬದಲಿಸಬೇಕು, ಮತ್ತೆ ಆ ಕೆಲಸವೂ ನರ್ಸ್ ತಲೆಗೇ. ರೋಬೋ ಕ್ಯಾಮೆರಾ ಮಗುವಿನ ಬಟ್ಟೆ ಬದಲಿಸುವಾಗಲೂ ಆನ್ ಇರುತ್ತದಾ ಅನ್ನುವುದನ್ನೂ ಕೇಳಬೇಕು.

ನಾನು ರೋಬೋ ಬೇಡ ಅನ್ನುತ್ತಿಲ್ಲ. ಊದಿಸಲು, ನಡೆಸಲು, ರಾತ್ರಿ ನಿದ್ದೆ ಬಾರದ ಮಗುವಿಗೆ ಕತೆ ಹೇಳಲು ಅದು ಇದ್ದರೆ ನನಗೇ ಖುಷಿ. ಆದರೆ ನೋವು ಅಂತ ಮಗು ಅದರ ಕಿವಿಯಲ್ಲಿ ಹೇಳಿದರೆ, ಆ ಮಾತು ಡ್ಯೂಟಿ ನರ್ಸಿಗೆ ಕೂಡಲೇ ಮುಟ್ಟಬೇಕು, ಕೇಳಿಸಿಕೊಳ್ಳಲು ಅಲ್ಲೊಬ್ಬ ನರ್ಸ್ ಇರಬೇಕು. ಖರೀದಿಗೆ ಹೊರಟಿರುವ ಆಸ್ಪತ್ರೆಗಳು ಬೆಲೆ ಕೇಳುವ ಮೊದಲು, ಇದನ್ನು ನಡೆಸುವವರು ಯಾರು, ರಾತ್ರಿ ಪಾಳಿಯಲ್ಲೂ ಅವರು ಇರುತ್ತಾರಾ, ಕಂಪನಿ ಮುಚ್ಚಿದರೂ ಇದು ಕೆಲಸ ಮಾಡುತ್ತದಾ ಅಂತ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಲಿ.

– ಮಕ್ಕಳ ವಾರ್ಡಿನ ಒಬ್ಬ ನರ್ಸ್