ಸೀನನಿಗೊಂದು ಪತ್ರ: ಇಂದಿರಮ್ಮನ ಪಟ ಮತ್ತು ನಿನ್ನ ಚಿಕ್ಕಪ್ಪ

ಪ್ರೀತಿಯ ಸೀನ,

ಮೊನ್ನೆ ಫೋನಿನಲ್ಲಿ ಅರ್ಧಕ್ಕೇ ನಿಂತ ಜಗಳವನ್ನು ಇಲ್ಲಿ ಎಲ್ಲರೆದುರು ಮುಂದುವರಿಸುತ್ತಿದ್ದೇನೆ. ನೀನೊಬ್ಬನೇ ಓದಿದರೆ ಮತ್ತೆ "ಅಡ್ಡಿಲ್ಲ ಬಿಡು" ಅಂತ ಮುಗಿಸಿಬಿಡುತ್ತೀಯ. ನಾಲ್ಕು ಜನ ನೋಡುತ್ತಿದ್ದರೆ ಉತ್ತರ ಕೊಡಲೇಬೇಕಾಗುತ್ತದೆ. ಕೆಂಪು ಛತ್ರಿಯ ವಿಷಯ ಮಾತ್ರ ಎತ್ತುವುದಿಲ್ಲ, ಆಣೆ.

ನೀನು ಕೇಳಿದ್ದು ಇಷ್ಟು: "ದೇಶದ ಭದ್ರತೆ ಅಂತ ಬಂದಾಗ ಮೇಲಿರುವವರನ್ನು ನಂಬದೆ ಇನ್ಯಾರನ್ನು ನಂಬೋದು ಮಾರಾಯ? ಅವರಿಗೆ ಗೊತ್ತಿರೋದು ನಮಗೆ ಗೊತ್ತಿರುತ್ತಾ?" ಒಪ್ಪುತ್ತೇನೆ, ಗೊತ್ತಿರುವುದಿಲ್ಲ. ಬಾಂಬ್ ಇಡುವವನ ಬೆನ್ನು ಹತ್ತಿದ ಪೊಲೀಸರು ಅದನ್ನು ಸಂತೆಯಲ್ಲಿ ಸಾರಿ ಹೇಳಲಾರರು. ಆದರೆ ಈ ಪ್ರಶ್ನೆಯನ್ನು ನೀನು ಕೇಳಿದ್ದೇ ನನಗೆ ಅಂದಿನಿಂದ ತಲೆಯಲ್ಲಿ ಕೂತಿದೆ. ತುರ್ತು ಪರಿಸ್ಥಿತಿಯಲ್ಲಿ, ವಿಚಾರಣೆಯಿಲ್ಲದೆ ಒಳಗಿಡುವ ಮೀಸಾ ಕಾಯ್ದೆಯಲ್ಲಿ, ಬಳ್ಳಾರಿ ಜೈಲು ಕಂಡವರು ನಿನ್ನ ಚಿಕ್ಕಪ್ಪ. ಇಂದಿರಮ್ಮನ ಪಟ ತೂಗುಹಾಕಿದ್ದು ನಮ್ಮ ಮನೆಯಲ್ಲಿ. ಈಗ ನಂಬು ಅನ್ನುವವನು ನೀನು, ತಕರಾರು ಮಾಡುವುದು ನಾನು.

ಪಟದ ಕತೆ ನಿನಗೆ ಗೊತ್ತು, ಉಳಿದವರಿಗೆ ಹೇಳುತ್ತೇನೆ. ಸಾಗರದ ಹತ್ತಿರ ನಮ್ಮದು ಗೇಣಿ ಮಾಡಿ ಬದುಕಿದ ಮನೆತನ. ಅಳೆದು ಕೊಟ್ಟು ಉಳಿದದ್ದರಲ್ಲಿ ಊಟ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಉಳುವ ಗದ್ದೆ ನಮಗೇ ಸೇರಬೇಕೆಂದು ಅಜ್ಜ ಡಿಕ್ಲರೇಷನ್ ಹಾಕಿದರು. ಟ್ರಿಬ್ಯೂನಲ್ಲಿನಲ್ಲಿ ಗದ್ದೆ ನಮ್ಮದಾಗಿದ್ದು ತುರ್ತು ಪರಿಸ್ಥಿತಿಯ ದಿನಗಳಲ್ಲಿ. ಅಜ್ಜಿ ದೇವರ ಗೂಡಿನ ಪಕ್ಕವೇ ಮೊಳೆ ಹೊಡೆಸಿದಳು. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕ 28ರಲ್ಲಿ 26 ಸೀಟು ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಮತ್ತೆ ಲೋಕಸಭೆಗೆ ಕಳಿಸಿತು. ಇದನ್ನು ತಿಳಿವಳಿಕೆ ಇಲ್ಲದ ಜನ ಮಾಡಿದ ಕೆಲಸ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮಜ್ಜಿಗೆ ಚೆನ್ನಾಗಿಯೇ ತಿಳಿವಳಿಕೆ ಇತ್ತು. ಆಕೆಯ ನಂಬಿಕೆಗೆ ಪಹಣಿಯ ದಾಖಲೆ ಇತ್ತು.

ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಏನಾಗುತ್ತಿತ್ತು? ಸಂಸದೀಯ ಸಮಿತಿಯ ಕೆಲಸಕ್ಕೆಂದು ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು 1975ರ ಜೂನ್ 26ರಂದು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ನಾಲ್ಕೇ ದಿನದೊಳಗೆ ಮೀಸಾಗೆ ಸುಗ್ರೀವಾಜ್ಞೆಯ ತಿದ್ದುಪಡಿ ಬಂತು: ಬಂಧನಕ್ಕೆ ಕಾರಣವೇನೆಂದು ಬಂಧಿತನಿಗೆ ಹೇಳಬೇಕಾಗಿಲ್ಲ. ದೇಶದಲ್ಲಿ ಭಯಕ್ಕೆ ಕಾರಣವೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆ ವರ್ಷದ ಆರಂಭದಲ್ಲೇ ರೈಲ್ವೆ ಮಂತ್ರಿ ಲಲಿತ್ ನಾರಾಯಣ್ ಮಿಶ್ರಾ ಸಮಸ್ತಿಪುರದಲ್ಲಿ ಬಾಂಬಿಗೆ ಬಲಿಯಾಗಿದ್ದರು. ಆಮೇಲೆ, ಸ್ಫೋಟಕ್ಕೆ ಸಂಚು ಮಾಡಿದರೆಂದು ಜಾರ್ಜ್ ಫರ್ನಾಂಡಿಸ್ ಮತ್ತಿತರರ ಮೇಲೆ ಹೂಡಿದ ಬರೋಡಾ ಡೈನಮೈಟ್ ಪ್ರಕರಣವೂ ಬಂತು. ತನಿಖೆ ನಡೆಯಬೇಕಿತ್ತು, ಹಿಡಿಯಬೇಕಾದವರನ್ನು ಹಿಡಿಯಬೇಕಿತ್ತು. ಹಿಡಿದದ್ದು ಯಾಕೆಂದು ಕೇಳುವ ಬಾಗಿಲನ್ನು ಮುಚ್ಚಬೇಕಿತ್ತೇ, ಅದಷ್ಟೇ ನನ್ನ ತಕರಾರು.

ಕೇಳಬಹುದು ಎಂದು ಒಂಬತ್ತು ಹೈಕೋರ್ಟುಗಳು ಹೇಳಿದವು. ನಮ್ಮ ಕರ್ನಾಟಕ ಹೈಕೋರ್ಟು ಅವುಗಳಲ್ಲಿ ಒಂದು, ಅದು ನನಗೆ ಇವತ್ತಿಗೂ ಹೆಮ್ಮೆ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಅದನ್ನೆಲ್ಲ ತಳ್ಳಿಹಾಕಿತು. ಎಡಿಎಂ ಜಬಲ್ಪುರ ಪ್ರಕರಣ, ನಾಲ್ಕಕ್ಕೆ ಒಂದು. ಹಗೆ ಸಾಧಿಸಲು ಒಬ್ಬ ಪೊಲೀಸ್ ಅಧಿಕಾರಿ ಯಾರನ್ನಾದರೂ ಕೊಂದರೆ ಏನು ಪರಿಹಾರ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದ್ದಕ್ಕೆ, ತುರ್ತು ಪರಿಸ್ಥಿತಿ ಇರುವವರೆಗೆ ಏನೂ ಇಲ್ಲ ಎಂದು ಅಟಾರ್ನಿ ಜನರಲ್ ನಿರೇನ್ ಡೇ ಒಪ್ಪಿಕೊಂಡಿದ್ದರು. ಹಾಗಿದ್ದೂ ಬಹುಮತದ ತೀರ್ಪು ಹಾಗೆ ಬಂತು. ಖನ್ನಾ ಒಬ್ಬರೇ ಬೇರೆ ಬರೆದರು. ಅದಕ್ಕೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು, ರಾಜೀನಾಮೆ ಕೊಟ್ಟು ಎದ್ದು ಹೋದರು.

ಈ ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾನೂನಿನ ವಾದವಲ್ಲ ಸೀನ, ಅದರೊಳಗಿನ ನಂಬಿಕೆ. ಬಂಧಿತರಿಗೆ ಒಳ್ಳೆಯ ಜಾಗ, ಊಟ, ಆರೈಕೆ ಸಿಗುತ್ತಿದೆ, ಸರ್ಕಾರದ ಈ ಕಾಳಜಿ ಹೆಚ್ಚುಕಮ್ಮಿ ತಾಯಿಯದು ಎಂಬರ್ಥದಲ್ಲಿ ನ್ಯಾಯಮೂರ್ತಿ ಬೇಗ್ ಬರೆದರು. ಅಂಥ ಕೆಟ್ಟದ್ದು ನಡೆಯಲಾರದು ಎಂಬ ವಜ್ರದಂಥ ಭರವಸೆ ತಮಗಿದೆ ಎಂದು ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಬರೆದರು. ದೇಶದ ಅತಿ ದೊಡ್ಡ ನ್ಯಾಯಾಲಯ, ಕಾಗದ ತರಿಸಿ ನೋಡುವ ಅಧಿಕಾರ ಇದ್ದವರು, ನೋಡದೆ ನಂಬಿದರು. ಅದಾಗಿ ವಾರ ಕಳೆಯುವ ಮೊದಲೇ, ತಲೆಮರೆಸಿಕೊಂಡಿದ್ದ ಜಾರ್ಜ್ ಫರ್ನಾಂಡಿಸ್ ಎಲ್ಲಿ ಹೇಳು ಎಂದು ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ಅದೇ ಮೇ ತಿಂಗಳಲ್ಲಿ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲು ಸೇರಿದರು. ಅವರಿಗೆ ವಿಪರೀತ ಅಸ್ತಮಾ. ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಆದರೂ ಮೀಸಾದಲ್ಲಿ ಒಳಗೇ ಇಟ್ಟರು. ಉಸಿರು ಕೈಕೊಟ್ಟ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಕೊಟ್ಟರು. ಜನವರಿ 20ರಂದು ತೀರಿಕೊಂಡರು.

ನಮ್ಮಜ್ಜಿಯ ನಂಬಿಕೆಯನ್ನೂ ಈ ನಂಬಿಕೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಡ. ಅಜ್ಜಿಗೆ ಗದ್ದೆ ಕೊಟ್ಟದ್ದು ಒಂದು ಕಾಯ್ದೆ. ಅದು ವಿಧಾನಮಂಡಲದಲ್ಲಿ ಚರ್ಚೆಯಾಗಿ, ತುರ್ತು ಪರಿಸ್ಥಿತಿಗಿಂತ ಮೊದಲೇ ಜಾರಿಗೆ ಬಂದದ್ದು. ನಿನ್ನ ಚಿಕ್ಕಪ್ಪನನ್ನು ಒಳಗಿಟ್ಟಿದ್ದಕ್ಕೆ ನಮಗೆ ಗದ್ದೆ ಸಿಗಲಿಲ್ಲ. ಹೊರಗಿದ್ದಿದ್ದರೂ ಸಿಗುತ್ತಿತ್ತು. ಇದನ್ನು ನಿನಗೆ ಹೇಳಬೇಕು ಅಂತ ಎಷ್ಟು ಕಾಲದಿಂದ ಇತ್ತೋ.

ಒಳ್ಳೆಯವರು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತೀಯಲ್ಲ, ಬಂದರಲ್ಲ! ಜೈಲಿಂದ ಹೊರಬಂದವರೇ 1977ರಲ್ಲಿ ಮಂತ್ರಿಗಳಾದರು. ಅವರಿಗೆ ನಾವು ಋಣಿಗಳು. 44ನೇ ತಿದ್ದುಪಡಿ ತಂದು "ಆಂತರಿಕ ಗಲಭೆ" ಎಂಬ ನೆಪವನ್ನು ತೆಗೆದರು, ಜೀವದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದರು, ಸಂಪುಟದ ತೀರ್ಮಾನ ಬರಹದಲ್ಲಿರಬೇಕು ಎಂದರು. ಆದರೆ ಅದೇ ತಿದ್ದುಪಡಿಯ ಮೂರನೇ ಸೆಕ್ಷನ್ ಓದು. ಬಂಧನ ಸರಿಯೇ ಎಂದು ನೋಡುವ ಸಲಹಾ ಮಂಡಳಿ ಒಪ್ಪದೆ ಎರಡು ತಿಂಗಳಿಗಿಂತ ಹೆಚ್ಚು ಮುನ್ನೆಚ್ಚರಿಕೆ ಬಂಧನ ಕೂಡದು ಎನ್ನುವುದು ಅದರ ಸಾರ; ಸಂವಿಧಾನದಲ್ಲಿ ಮೊದಲಿನಿಂದ ಇದ್ದದ್ದು ಮೂರು ತಿಂಗಳು. ಅದನ್ನು ಜಾರಿಗೆ ತರುವ ಅಧಿಸೂಚನೆ ಅವರೂ ಹೊರಡಿಸಲಿಲ್ಲ, ಆಮೇಲೆ ಬಂದವರೂ ಇಲ್ಲ. ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋದವು. ಮೂರು ತಿಂಗಳು ಮೂರು ತಿಂಗಳಾಗಿಯೇ ಇದೆ.

ನಮ್ಮ ಪಕ್ಕದ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರನ್ನೇ ನೋಡು. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು, ಸಭ್ಯರು, ನಮ್ಮಪ್ಪನಿಗಂತೂ ಅಚ್ಚುಮೆಚ್ಚು. 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪ ಬಂದದ್ದು ಅವರ ಸರ್ಕಾರದ ಮೇಲೆಯೇ. ಹೊಣೆ ಹೊತ್ತು ರಾಜೀನಾಮೆ ಕೊಟ್ಟರು, ಅದು ದೊಡ್ಡತನ. ಆದರೆ ಸಜ್ಜನರು ಮೇಲೆ ಕೂತಿದ್ದಾರೆ ಎಂದು ಕೆಳಗಿನ ಯಂತ್ರ ಸುಮ್ಮನಿರುವುದಿಲ್ಲ.

ಮುಂಬೈ ದಾಳಿಯಾದ ತಿಂಗಳೊಳಗೆ, 2008ರ ಡಿಸೆಂಬರಿನಲ್ಲಿ, ಭಯೋತ್ಪಾದನೆ ತಡೆಯಲೆಂದು ಬಳಸುವ ಯುಎಪಿಎ ಕಾಯ್ದೆಗೆ ಜಾಮೀನಿನ ಬಿಗಿ ಷರತ್ತು ಸೇರಿಸಿದ್ದು ಮನಮೋಹನ್ ಸಿಂಗ್ ಸರ್ಕಾರ. ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನು ಇಲ್ಲ. ಆರೋಪಪಟ್ಟಿಗೆ 180 ದಿನದವರೆಗೆ ಸಮಯ. ಆ ಸರ್ಕಾರವನ್ನು ನಂಬಿದವರು ಆಗ ಸುಮ್ಮನಿದ್ದರು. ಆಮೇಲೆ ಆ ಕಾಯ್ದೆ ಇನ್ನೊಂದು ಸರ್ಕಾರದ ಕೈಗೆ ಬಂತು, ಅವರು 2019ರಲ್ಲಿ ಇನ್ನಷ್ಟು ಬಿಗಿ ಮಾಡಿದರು. ಹಿಂದೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ, ಅದೇ ಕಾಯ್ದೆಯಡಿ ಹಿಡಿದಿಟ್ಟಿದ್ದ ಪಾರ್ಕಿನ್ಸನ್ ಕಾಯಿಲೆಯ 84ರ ಮುದುಕ, 2021ರ ಜುಲೈಯಲ್ಲಿ ವಿಚಾರಣೆಯೇ ಶುರುವಾಗದೆ ಬಂಧನದಲ್ಲೇ ಸತ್ತರು. ಅವರ ಮೇಲಿನ ಆರೋಪ ನಿಜವೋ ಸುಳ್ಳೋ ಎಂದು ಇನ್ನು ಯಾರು ತೀರ್ಮಾನಿಸುತ್ತಾರೆ ಹೇಳು? ಕಾಯ್ದೆ ಬರೆಯುವಾಗ ಅದು ನಮಗೆ ಒಂಚೂರೂ ನಂಬಿಕೆಯಿಲ್ಲದವನ ಕೈಗೆ ಹೋಗುತ್ತದೆ ಎಂದುಕೊಂಡೇ ಓದಬೇಕು. ನಾನು ಕೇಳುವುದು ಇಷ್ಟೇ.

ಇಷ್ಟೇ ಬರೆದು ನಿಲ್ಲಿಸಬೇಕು ಅಂತಿದ್ದೆ. ಆದರೆ ಇನ್ನೊಂದಿದೆ.

ಮಗಳು ಈಚೆಗೆ ಗೆಳತಿಯರ ಜೊತೆ ಫ್ರೀಡಂ ಪಾರ್ಕಿಗೆ ಧರಣಿಗೆ ಹೋಗಿದ್ದಳು. ಈಗ ಬೆಂಗಳೂರಿನಲ್ಲಿ ಧರಣಿ ಕೂರಲು ಬಿಡುವುದು ಅಲ್ಲೊಂದೇ ಕಡೆ, ಆ ಹಳೆಯ ಸೆಂಟ್ರಲ್ ಜೈಲಿನ ಜಾಗದಲ್ಲಿ. ಹೋಗಬೇಡ ಅನ್ನಲಿಲ್ಲ. ಆದರೆ ಅವಳು ಬರುವವರೆಗೂ ನನ್ನ ಕೈಕಾಲು ತಣ್ಣಗಿತ್ತು. ಅವಳು ಮಾಡಿದ್ದು ಅನುಮತಿ ಪಡೆದ, ಶಾಂತವಾದ ಕೆಲಸ. ರಾಜ್ಯದಲ್ಲಿರುವುದು ನಾನೇ ಮತ ಕೊಟ್ಟ ಸರ್ಕಾರ. ಹಾಗಿದ್ದೂ ಯಾರಾದರೂ ಅವಳ ಫೋಟೋ ತೆಗೆದಿಟ್ಟುಕೊಂಡರೆ, ಎಲ್ಲೋ ಒಂದು ಫೈಲಿನಲ್ಲಿ ಹೆಸರು ಬರೆದರೆ, ಹತ್ತು ವರ್ಷದ ನಂತರ ಇನ್ಯಾರೋ ಅದನ್ನು ತೆರೆದರೆ ಎಂಬ ಭಯ. ನಿನಗೆ ಫೋನಿನಲ್ಲಿ ಹೇಳಬೇಕಾದದ್ದನ್ನು ಈಗೀಗ ಭೇಟಿಯಾದಾಗ ಹೇಳುತ್ತೇನೆ ಅಂತ ಮುಂದೂಡುವುದು ಜಾಸ್ತಿಯಾಗಿದೆ. ನೀನು ಗಮನಿಸಿರಬಹುದು, ಕೇಳಲಿಲ್ಲ. ಯಾರೂ ನನಗೆ ಬೆದರಿಕೆ ಹಾಕಿಲ್ಲ, ಯಾರೂ ಬಾಗಿಲು ತಟ್ಟಿಲ್ಲ. ಭಯ ಅದರ ಪಾಡಿಗೆ ಅದೇ ಬಂದು ಮನೆಯೊಳಗೆ ಕೂತಿದೆ, ಸೀನ. ಇದು ನನ್ನ ಹೆಂಡತಿಗೂ ಗೊತ್ತಿಲ್ಲ. ಗೊತ್ತಿರಲಿಲ್ಲ ಅನ್ನಬೇಕು, ಈಗ ಓದುತ್ತಾಳೆ.

ಸಾಕು, ಬಹಳ ಭಾರವಾಯಿತು. ಹಪ್ಪಳ ಕೊರಿಯರ್ ಮಾಡಿದ್ದೇನೆ, ತಂಗ್ಯಮ್ಮನಿಗೆ ಅರ್ಧ ಕೊಡು, ಪೂರ್ತಿ ನೀನೇ ಮುಗಿಸಬೇಡ. ಶಂಕರಘಟ್ಟದ ಬಸ್ಸಿನವನು ಸಿಕ್ಕಿದ್ದ, ನಿನ್ನನ್ನು "ಮೂರೂವರೆ ಟಿಕೆಟ್" ಅಂತಲೇ ಕೇಳಿದ!

ನನಗೊಂದು ಕೆಲಸ ಮಾಡಿಕೊಡು. ಚಿಕ್ಕಪ್ಪನ ಬಂಧನದ ಆದೇಶ ಆ ಟ್ರಂಕಿನಲ್ಲಿ ಇನ್ನೂ ಇದ್ದರೆ ಫೋಟೋ ತೆಗೆದು ಕಳಿಸು. ಯಾವ ಅಧಿಕಾರಿ ಸಹಿ ಹಾಕಿದ್ದಾನೆ, ಸಹಿಯ ಮೇಲೆ ಏನು ಬರೆದಿದ್ದಾನೆ ಓದಬೇಕು. ಮಗಳಿಗೂ ತೋರಿಸಬೇಕು. ಅದನ್ನು ಓದಿದ ಮೇಲೂ ನೀನು ನಂಬು ಅನ್ನುವುದಾದರೆ ಫೋನ್ ಮಾಡು, ಉಳಿದರ್ಧ ಜಗಳ ಬಾಕಿಯಿದೆ.

ನಿನ್ನ,
ಕಟ್ಟೆಮನೆಯವ