ಅಮ್ಮನನ್ನು ಬೆಂಗಳೂರಿಗೆ ಕರೆತರುವ ಮೊದಲು

ಪ್ರಿಯ ಗೆಳೆಯಾ,

ಅಮ್ಮನನ್ನು ಸಾಗರದ ಮನೆಯಿಂದ ಎಬ್ಬಿಸಿ ನಿನ್ನ ಫ್ಲ್ಯಾಟಿಗೆ ಕರೆತರುತ್ತೇನೆ, ಕಾರು ಗೊತ್ತು ಮಾಡಿದ್ದಾಗಿದೆ ಎಂದು ಬರೆದಿದ್ದೀಯ. ಸದ್ಯಕ್ಕೆ ಆ ಕಾರು ಬೇಡ ಎಂದು ಹೇಳಿಬಿಡು.

ಮೊನ್ನೆ ಮೊನ್ನೆಯವರೆಗೆ ಅಡಿಕೆ ಕೊನೆಕೊಯ್ಲಿನ ಆಳುಗಳ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ಈಗ ಸಂಜೆಯಾದರೆ ತೀರಿಹೋದ ಅಕ್ಕನನ್ನು ಕರೆಯುತ್ತಾರೆ, ಹಗಲೆಲ್ಲ ಮಂಪರಿನಲ್ಲಿರುತ್ತಾರೆ ಎಂದೆಯಲ್ಲ, ನನಗೆ ಯೋಚನೆಯಾದದ್ದು ಅದರ ಬಗ್ಗೆ. ಊರಿನವರು ಅರಳು ಮರಳು ಎಂದು ಹೆಸರಿಟ್ಟು ಮಾತು ಮುಗಿಸುತ್ತಾರೆ. ಆದರೆ ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ಬರುವಂಥದ್ದು. ಎರಡು ಮೂರು ದಿನದೊಳಗೆ ಮನುಷ್ಯರು ಬದಲಾದರೆ ದೇಹದಲ್ಲಿ ಬೇರೇನೋ ಕೆಟ್ಟಿದೆ ಎಂದು ಮೊದಲು ಅನುಮಾನಿಸಬೇಕು. ಮೂತ್ರದ ಸೋಂಕು, ನೀರು ಕುಡಿಯದೆ ದೇಹ ಒಣಗಿರುವುದು, ಮಲಬದ್ಧತೆ, ಹೊಸದಾಗಿ ಶುರು ಮಾಡಿದ ನಿದ್ರೆಮಾತ್ರೆ, ಇಲ್ಲವೆ ರಕ್ತದಲ್ಲಿ ಸೋಡಿಯಂ ಇಳಿದಿರುವುದು. ಈ ವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಬರಲೇಬೇಕೆಂದಿಲ್ಲ. ಬಿಪಿಗೆ ಕೊಡುವ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಬಗೆಯವು ಕೆಲವಿವೆ, ಅವುಗಳಿಂದ ಸೋಡಿಯಂ ಕುಸಿಯುವುದುಂಟು. 135ರಿಂದ 145ರ ನಡುವೆ ಇರಬೇಕಾದದ್ದು ನಮ್ಮ ಅಪ್ಪನಿಗೆ 118ಕ್ಕೆ ಇಳಿದಿತ್ತು. ನನ್ನನ್ನೇ ಯಾರು ಎಂದು ಕೇಳುತ್ತಿದ್ದವರು, ಆಸ್ಪತ್ರೆಯಲ್ಲಿ ಅದನ್ನು ನಿಧಾನವಾಗಿ ಸರಿಪಡಿಸಿದ ಮೇಲೆ ಪತ್ರಿಕೆ ಯಾಕೆ ತಂದಿಲ್ಲ ಎಂದು ಗದರಿದರು. ಆದ್ದರಿಂದ ನಾಳೆಯೇ ಅಮ್ಮನನ್ನು ಅಲ್ಲಿನ ವೈದ್ಯರಿಗೆ ತೋರಿಸಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಲು ಅವರ ಜೊತೆಗಿರುವ ನಿನ್ನ ತಮ್ಮನಿಗೆ ಹೇಳು. ಬಾಯಿ ಸೊಟ್ಟಗಾಗುವುದು, ಒಂದು ಕೈ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು ಕಂಡರೆ ನಾಳೆಯವರೆಗೂ ಕಾಯುವಂತಿಲ್ಲ, ತಕ್ಷಣ 108ಕ್ಕೆ ಕರೆ ಮಾಡಬೇಕು. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಔಷಧಿಗಳನ್ನೆಲ್ಲ ಒಂದು ಚೀಲಕ್ಕೆ ಸುರಿದುಕೊಂಡು ಹೋಗಲಿ. ಲೇಹ್ಯ, ಅರಿಷ್ಟ, ಮೊಣಕಾಲು ನೋವಿಗೆಂದು ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಎಲ್ಲವೂ ಅದರಲ್ಲಿರಲಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಒಂದೇ ಔಷಧಿಯನ್ನು ಇಬ್ಬರು ವೈದ್ಯರು ಎರಡು ಹೆಸರಿನಲ್ಲಿ ಬರೆದುಕೊಟ್ಟಿರುವುದೂ ಅಪರೂಪವೇನಲ್ಲ. ಇದರಲ್ಲಿ ಯಾವುದನ್ನು ನಿಲ್ಲಿಸಬಹುದು ಎಂದು ಬಾಯಿಬಿಟ್ಟು ಕೇಳಬೇಕು. ನಾವು ಕೇಳದಿದ್ದರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಇನ್ನು ಮನೆ. ಕತ್ತಲಲ್ಲೂ ಕಾಲಿಗೆ ದಾರಿ ಗೊತ್ತಿರುವ ಮನೆ ಅದು. ಈ ಗೊಂದಲದ ನಡುವೆ ಏಳನೇ ಮಹಡಿಗೆ ತಂದರೆ ರಾತ್ರಿ ಬಚ್ಚಲು ಯಾವ ಕಡೆ ಎಂಬುದೂ ತಿಳಿಯದೆ ಬೀಳುತ್ತಾರೆ. ನೀವಿಬ್ಬರೂ ಕಚೇರಿಗೆ ಹೋದ ಮೇಲೆ ಮಾತಿಗೆ ಯಾರಿದ್ದಾರೆ? ಫ್ಲ್ಯಾಟಿಗೆ ಮಾಡುವ ಖರ್ಚನ್ನು ಅಲ್ಲಿಯೇ ಮಾಡು. ನಿಮ್ಮ ಮನೆಯ ಬಚ್ಚಲು ಅಂಗಳ ದಾಟಿ ಆಚೆಗಿದೆ, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಮಲಗುವ ಕೋಣೆಗೆ ತಾಗಿಸಿಯೇ ಒಂದು ಶೌಚಾಲಯ ಕಟ್ಟಿಸು, ಅದಾಗುವವರೆಗೆ ಹಾಸಿಗೆಯ ಪಕ್ಕ ಕಮೋಡ್ ಕುರ್ಚಿ ಇರಲಿ. ಟವೆಲ್ ಹಾಕುವ ಸರಳು ಆಸರೆಯಲ್ಲ, ಹಿಡಿದು ಎಳೆದರೆ ಕಿತ್ತು ಬರುತ್ತದೆ. ದೇಹದ ಭಾರ ತಡೆಯುವ ಉಕ್ಕಿನ ಹಿಡಿಕೆಯನ್ನು ಗೋಡೆಗೆ ಗಟ್ಟಿಯಾಗಿ ಕೂರಿಸಬೇಕು. ರಾತ್ರಿ ಎದ್ದ ಕೂಡಲೇ ನಿಂತರೆ ಬಿಪಿ ಇಳಿದು ತಲೆ ತಿರುಗುತ್ತದೆ, ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಆಮೇಲೆ ಏಳಲಿ.

ನಿನಗೆ ಹಿಡಿಸದ ಒಂದು ಮಾತನ್ನೂ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಮಗ ನೋಡಿಕೊಳ್ಳುತ್ತಾನೆ ಎಂದರೆ ಬಹುಪಾಲು ಸೊಸೆ ನೋಡಿಕೊಳ್ಳುತ್ತಾಳೆ ಎಂದೇ ಅರ್ಥ. ದಿನಾ ರಾತ್ರಿ ಫೋನಿನಲ್ಲಿ ನೀನು ಕೇಳುವ ‘ಮಾತ್ರೆ ಕೊಟ್ಟೆಯಾ, ಎಳನೀರು ಕೊಟ್ಟೆಯಾ’ ಎಂಬುದು ತಮ್ಮನ ಹೆಂಡತಿಗೆ ತಪಾಸಣೆಯಂತೆ ಕೇಳಿಸುತ್ತಿರುತ್ತದೆ. ಅಮ್ಮನನ್ನು ಕರೆತರಬೇಕೆಂಬ ನಿನ್ನ ಹಟದಲ್ಲಿ ಅರ್ಧ ಪ್ರೀತಿ, ಇನ್ನರ್ಧ ದೂರವಿದ್ದೇನೆಂಬ ಕೊರಗು. ಆ ಕೊರಗನ್ನು ಕೆಲಸಕ್ಕೆ ಹಚ್ಚು. ಹಗಲು ಸಹಾಯಕ್ಕೆ ಒಬ್ಬ ಹೆಂಗಸನ್ನು ಗೊತ್ತು ಮಾಡಲು ಹೇಳಿ, ಅವರ ಸಂಬಳವನ್ನು ಯಾರೂ ಕೇಳುವ ಮೊದಲೇ ನೀನು ಕಳಿಸು. ರಜೆ ಹಾಕಿ ಆಗಾಗ ಒಂದು ವಾರ ಊರಿಗೆ ಹೋಗು, ಅತಿಥಿಯಾಗಿ ಅಲ್ಲ. ತಮ್ಮ, ಅವನ ಹೆಂಡತಿ ಇಬ್ಬರನ್ನೂ ಅವಳ ತವರಿಗೋ ಗೋಕರ್ಣಕ್ಕೋ ಕಳಿಸಿ, ಬೆಡ್‌ಪ್ಯಾನ್ ತೊಳೆಯುವುದೂ ಸೇರಿದಂತೆ ಎಲ್ಲವನ್ನೂ ನೀನೇ ಮಾಡು.

ಬೆಂಗಳೂರಿನಲ್ಲಿ ಕುಳಿತೇ ಮಾಡಬಹುದಾದದ್ದು ಕಾಗದಪತ್ರದ ಕೆಲಸ. ನಿನ್ನ ಅಪ್ಪನ ಕುಟುಂಬ ಪಿಂಚಣಿಗೆ ಪ್ರತಿ ನವೆಂಬರಿನಲ್ಲಿ ಬೇಕಾಗುವ ಜೀವಂತ ಪ್ರಮಾಣಪತ್ರಕ್ಕಾಗಿ ಅಮ್ಮನನ್ನು ಬ್ಯಾಂಕಿಗೆ ಹೊತ್ತೊಯ್ಯಬೇಕಾಗಿಲ್ಲ. ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಮುಖ ತೋರಿಸಿ ಮೊಬೈಲಿನಲ್ಲೇ ಮುಗಿಸಬಹುದು. ಅದು ಆಗದಿದ್ದರೆ ಸ್ವಲ್ಪ ಶುಲ್ಕ ತೆತ್ತು ಅಂಚೆಯವರನ್ನೇ ಮನೆಗೆ ಕರೆಸಬಹುದು.

ಅಮ್ಮನ ಪರವಾಗಿ ವ್ಯವಹರಿಸಲು ಪವರ್ ಆಫ್ ಅಟಾರ್ನಿ ಮಾಡಿಸಿಟ್ಟರೆ ಸಾಕು ಎಂದು ನೀನು ನಂಬಿರುವಂತಿದೆ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಅದೂ ಬಿದ್ದುಹೋಗುತ್ತದೆ, 1872ರ ಕರಾರು ಕಾಯ್ದೆ ಹೇಳುವುದು ಹಾಗೆ. ಅಂದರೆ ಬೇಕಾಗುವ ಹೊತ್ತಿಗೇ ಅದು ಕೈಕೊಡುತ್ತದೆ. ಅಮ್ಮ ಚೇತರಿಸಿಕೊಂಡು ಸ್ಪಷ್ಟವಾಗಿ ಮಾತನಾಡುವಾಗ, ಅವರಿಗೆ ಒಪ್ಪಿಗೆಯಿದ್ದರೆ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದಾದ ಜಂಟಿ ಬ್ಯಾಂಕ್ ಖಾತೆಯನ್ನು ತಮ್ಮನೊಂದಿಗೆ ಮಾಡಿಸು. ತೋಟವನ್ನು ಅವನಿಗೆ ದಾನಪತ್ರ ಮಾಡಿಕೊಡುವ ಮಾತು ಬಂದರೆ ತಡೆಯಬೇಡ, ದುಡಿಯುತ್ತಿರುವವನು ಅವನು. ಆದರೆ ಅಮ್ಮನನ್ನು ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆದಿದ್ದು ಪಾಲಿಸದಿದ್ದರೆ, ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಪತ್ರವನ್ನು ರದ್ದುಪಡಿಸಲು ನ್ಯಾಯಮಂಡಳಿಯನ್ನು ಕೇಳಬಹುದು. ಇದು ತಮ್ಮನ ಮೇಲಿನ ಅನುಮಾನ ಎಂದು ಅವನಿಗೆ ಅನ್ನಿಸದಂತೆ ಹೇಳುವ ಜಾಣತನ ನಿನಗಿದೆ.

ಪರೀಕ್ಷೆಯ ವರದಿ ಬಂದ ದಿನ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಸಾಗರಕ್ಕೆ ಹೊರಡುವುದಾದರೆ ಹಿಡಿಕೆ, ಕಮೋಡ್ ಕುರ್ಚಿ ಕೊಳ್ಳಲು ನಾನೂ ಬರುತ್ತೇನೆ. ಯಾವುದು ಗಟ್ಟಿ, ಯಾವುದು ಬರೀ ತಗಡು ಎಂಬುದು ನನಗೆ ಚೆನ್ನಾಗಿ ಗೊತ್ತಾಗಿದೆ.

ಇಂತಿ,
ನಿನ್ನ ಗೆಳೆಯ