ಡಿಪಿಎಫ್ ದೀಪ ಹತ್ತುವ ವ್ಯಾನ್: ಮಾರುವ ಮುನ್ನ ಓದಿ

ಎಲ್ಲ ಸದಸ್ಯರ ಗಮನಕ್ಕೆ,

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಡೀಸೆಲ್ ವ್ಯಾನ್‌ಗಳಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಕಟ್ಟಿಕೊಂಡರೆ ಅನೇಕರು ನೇರವಾಗಿ ಹೊಸ ಫಿಲ್ಟರ್‌ಗೇ ದುಡ್ಡು ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫಿಲ್ಟರ್‌ನ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಐದಾರು ಕಿಲೋಮೀಟರ್‌ನ ಸ್ಕೂಲ್ ಟ್ರಿಪ್‌ನಲ್ಲಿ ಅದು ಸಿಗುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಡಿಪಿಎಫ್ ದೀಪ ಹತ್ತಿದ ಕೂಡಲೇ ಹೈವೇಗೆ ಹೋಗಿ, ಒಂದು ಗೇರ್ ಕೆಳಗಿಟ್ಟು, 2000 ಆರ್‌ಪಿಎಂ ಮೇಲೆ 20 ನಿಮಿಷ ಓಡಿಸಿ. ನಡುವೆ ಎಂಜಿನ್ ಆಫ್ ಮಾಡಬೇಡಿ.

ದೀಪ ಆರದಿದ್ದರೆ ಸ್ಕ್ಯಾನರ್ ಹಾಕಿಸಿ. ಮೊದಲು ಫಿಲ್ಟರ್‌ನ ಒತ್ತಡ ಅಳೆಯುವ ಪ್ರೆಷರ್ ಸೆನ್ಸರ್‌ನ ರಬ್ಬರ್ ಪೈಪ್ ನೋಡಿ. ಅದು ಬಿರುಕು ಬಿಟ್ಟರೂ ಇದೇ ದೀಪ. ಆಮೇಲೆ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಎಂಜಿನ್‌ಗೆ ಮರಳಿಸುವ ವಾಲ್ವ್), ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ನ ಸೋರಿಕೆ ನೋಡಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ ಡೀಸೆಲ್ ಬೆರೆತಿದೆ ಎಂದರ್ಥ, ತಕ್ಷಣ ಆಯಿಲ್ ಬದಲಿಸಿ, ಇಲ್ಲದಿದ್ದರೆ ಬೇರಿಂಗ್ ಹೋಗುತ್ತದೆ. ಉರಿದಾಗ ಬೂದಿ ಕಡಿಮೆ ಬಿಡುವ ಎಂಜಿನ್ ಆಯಿಲನ್ನೇ ಹಾಕಿ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಅದನ್ನು ಫಿಲ್ಟರ್ ಬಿಚ್ಚಿಯೇ ತೊಳೆಸಬೇಕು. ಫಿಲ್ಟರ್ ಕಿತ್ತು ಖಾಲಿ ಪೈಪ್ ಹಾಕಿಸುವುದು ಕಾನೂನಿಗೆ ವಿರುದ್ಧ.

ಹತ್ತಿರದ ಟ್ರಿಪ್‌ಗಳೇ ಹೆಚ್ಚಿದ್ದರೆ ಡಿಪಿಎಫ್ ಇಲ್ಲದ ಹಳೆಯ ಬಿಎಸ್4 ಗಾಡಿ ಉಳಿಸಿಕೊಳ್ಳುವುದೇ ಮೇಲು. ಆದರೆ ಚಾಸಿ ತುಕ್ಕು ತಿಂದಿರಬಾರದು. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದು ನೋಡಿ: ಹೊಗೆ ದಬದಬ ಎದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.